ಗುಯಿಲಾನ್‌ಗೆ ಹೇಳಿದ್ದು, ಹೆತಾವ್ ಕೇಳಿದ್ದು

ಮಾರ್ಚ್ 9, ಭಾನುವಾರ

ಬಿಸಿಲು. ಉತ್ತರದ ಗಾಳಿ, ಧೂಳು. ಬೆಳಗಿನ ರೈಲಿಗೆ ಝೆಂಗ್‌ಝೌ ಬಿಟ್ಟು ಮಧ್ಯಾಹ್ನಕ್ಕೆ ಬೀಜಿಂಗ್ ತಲುಪಿದೆ. ಮಗ ಬೋವೆನ್ ನಿಲ್ದಾಣಕ್ಕೆ ಬಂದಿದ್ದ. ನಾಳೆಯಿಂದ ಸೊಸೆ ಯಾತಿಂಗ್ ಆಫೀಸಿಗೆ ಹೋಗಬೇಕು. ಮಗು ನೋಡಿಕೊಳ್ಳುವುದು ನನ್ನ ಕೆಲಸ.

ಮೊಮ್ಮಗಳಿಗೆ ಏಳು ತಿಂಗಳು. ಹುಟ್ಟಿದಾಗ ಮುಖವೆಲ್ಲ ಅಕ್ರೋಟಿನಂತೆ ಸುಕ್ಕಾಗಿತ್ತೆಂದು ನನ್ನ ಹೆಂಡತಿ ಗುಯಿಲಾನ್ ಅವಳನ್ನು ಹೆತಾವ್ ಎಂದು ಕರೆದಳು, ಅಕ್ರೋಟು. ಅದೇ ನಿಂತಿತು. ಇಲ್ಲಿಗೆ ಬರಬೇಕಾಗಿದ್ದವಳೂ ಗುಯಿಲಾನೇ. ಡಿಸೆಂಬರಿನಲ್ಲಿ ಹೋಗಿಬಿಟ್ಟಳು. ಅವಳ ಪಾಳಿಗೆ ನಾನು ಬಂದಿದ್ದೇನೆ.

ಊಟ ಆದ ಮೇಲೆ ಯಾತಿಂಗ್ ಹೇಳಿದಳು, "ಮಾವ, ಮೂರು ತಿಂಗಳು ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ಜೂನ್ ಒಂಬತ್ತಕ್ಕೆ ನಮ್ಮಮ್ಮ ಮಗೂನ ಚೆಂಗ್ಡೆಗೆ ಕರ್ಕೊಂಡು ಹೋಗ್ತಾರೆ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಮಗು ಹತ್ರ ಊರ ಮಾತು ಸ್ವಲ್ಪ ಕಡಿಮೆ ಆಡಿ. ಕಿವಿ ತಿದ್ದೋದು ಈ ವಯಸ್ಸಲ್ಲೇ ಅಂತೆ."

ಅವಳ ತಾಯಿ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಚೆಂಗ್ಡೆಯವರ ಮಾತು ದೇಶಕ್ಕೇ ಶುದ್ಧ ಎನ್ನುತ್ತಾರೆ. ನನಗೆ ಇರುವುದು ಊರ ಮಾತು ಒಂದೇ. ಕಡಿಮೆ ಆಡು ಎಂದರೆ ಆಡಬೇಡ ಎಂದೇ ಅರ್ಥ. ಆಗಲಿ ಎಂದೆ.

ದೋಷ: ಇಲ್ಲ.

ಮಾರ್ಚ್ 12

ಮೋಡ. ಮೂರು ಸಲ ಹಾಲು, ಒಂದು ಸಲ ಗಂಜಿ, ಎರಡು ನಿದ್ದೆ, ಐದು ಸಲ ಬಟ್ಟೆ ಬದಲು. ಮಾತು ಇಲ್ಲ.

ದೋಷ: ಇಲ್ಲ.

ಮಾರ್ಚ್ 21

ಬಿಸಿಲು. ಹೆತಾವ್ ಚಮಚದಿಂದ ಗಂಜಿ ಬಟ್ಟಲು ಬಡಿದಳು. ಬಟ್ಟಲು ಸರಿಯಾಗಿ ಮೊಳಗಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಕೂದಲೆಳೆಯಷ್ಟು ಬಿರುಕು. ತೆಗೆದು ಬದಿಗಿಟ್ಟೆ.

ಮೂವತ್ತನಾಲ್ಕು ವರ್ಷ ಗೂಡ್ಸ್ ಯಾರ್ಡಿನಲ್ಲಿ ಇದೇ ಕೆಲಸ. ಬೋಗಿಯಿಂದ ಬೋಗಿಗೆ ನಡೆಯುತ್ತ, ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿ ತಟ್ಟುತ್ತ, ಅದು ಕೊಡುವ ದನಿ ಕೇಳುವುದು. ಗಟ್ಟಿ ಗಾಲಿ ಒಂದು ರೀತಿ ಮೊಳಗುತ್ತದೆ, ಒಳಗೆ ಬಿರುಕಿದ್ದದ್ದು ಇನ್ನೊಂದು ರೀತಿ. ಹೊಸಬರಿಗೆ ಎರಡೂ ಒಂದೇ. ಪಾಳಿ ಮುಗಿದ ಮೇಲೆ ವಹಿಯಲ್ಲಿ ಹವೆ, ಕೆಲಸ, ದೋಷ ಬರೆಯಬೇಕು. ಈ ಪುಸ್ತಕವೂ ಅಂಥದ್ದೇ ಒಂದು ಉಳಿದ ವಹಿ.

ಅಂಗಳದಲ್ಲಿ ಕೆಳಮನೆಯ ಫೆಂಗ್ ಅಕ್ಕ ಸಿಕ್ಕಳು. ಹುಟ್ಟಾ ಬೀಜಿಂಗಿನವಳು, ನಾಲಿಗೆಗೆ ಎಲುಬಿಲ್ಲ. "ಏನ್ ಗೆಂಗ್ ಅಣ್ಣ, ಹತ್ತು ದಿನದಿಂದ ನೋಡ್ತಿದೀನಿ, ತಲೆ ಅಲ್ಲಾಡ್ಸೋದು ಬಿಟ್ರೆ ಒಂದು ಮಾತಿಲ್ಲ. ಹಲ್ಲುಸೆಟ್ಟು ಊರಲ್ಲೇ ಬಿಟ್ ಬಂದ್ರಾ?"

ತಲೆ ಅಲ್ಲಾಡಿಸಿ ಬಂದೆ.

ದೋಷ: ಬಟ್ಟಲು ಒಂದು.

ಏಪ್ರಿಲ್ 4, ಶುಕ್ರವಾರ. ಚಿಂಗ್‌ಮಿಂಗ್

ತುಂತುರು. ಹಿರಿಯರ ಸಮಾಧಿ ಗುಡಿಸುವ ದಿನ. ಗುಯಿಲಾನ್‌ಗೆ ಇದು ಮೊದಲ ಚಿಂಗ್‌ಮಿಂಗ್, ನಾನು ಹೋಗಲಿಲ್ಲ. ಹೆತಾವ್‌ಗೆ ನಿನ್ನೆಯಿಂದ ಜ್ವರ. ಗುಯಿಲಾನ್‌ಳ ತಮ್ಮ ಹೋಗಿ ಗುಡಿಸಿ ಬಂದನಂತೆ.

ಮಧ್ಯಾಹ್ನ ಜ್ವರ ಇಳಿಯಿತು. ಮಗುವನ್ನು ಎದೆಗೆ ಕಟ್ಟಿಕೊಂಡು ಬಾಲ್ಕನಿಗೆ ಹೋದೆ. ನಮ್ಮೂರಿರುವ ದಕ್ಷಿಣಕ್ಕೆ ಮುಖ ಮಾಡಿ ಒಂದು ಬಟ್ಟಲು ನೂಡಲ್ಸ್ ಇಟ್ಟೆ, ಸಾರು ಜಾಸ್ತಿ, ಅವಳಿಗೆ ಇಷ್ಟವಾದ ಹಾಗೆ. ಸುಮ್ಮನೆ ನಿಂತರೆ ಸರಿಯಲ್ಲ ಅನಿಸಿತು. "ಗುಯಿಲಾನ್, ಬರೋಕಾಗ್ಲಿಲ್ಲ, ಮಗುಗೆ ಜ್ವರ, ಸಿಟ್ಟು ಮಾಡ್ಕೋಬೇಡ, ಸಾರು ಬಿಸಿ ಇದೆ" ಎಂದೆ. ಊರ ಮಾತಿನಲ್ಲೇ ಎಂದೆ. ಬೇರೆ ಮಾತಿನಲ್ಲಿ ಹೇಳಿದರೆ ಅವಳಿಗೆ ನಾನೆಂದು ತಿಳಿಯುವುದು ಹೇಗೆ?

ಎದೆಯ ಮೇಲಿದ್ದ ಹೆತಾವ್ ಅಲುಗಾಟ ನಿಲ್ಲಿಸಿದಳು. ಕತ್ತೆತ್ತಿ ನನ್ನ ಬಾಯಿ ನೋಡಿದಳು. ಆಮೇಲೆ "ಆ, ಆ‌ಆ" ಎಂದಳು. ನನ್ನ ಮಾತು ಏರಿದಲ್ಲಿ ಏರಿತು, ಇಳಿದಲ್ಲಿ ಇಳಿಯಿತು. ತಿಂಗಳಿಗೆ ಹತ್ತಿರವಾಯಿತು ಬಂದು, ಅವಳು ಅಳು ಬಿಟ್ಟು ಬೇರೆ ದನಿ ತೆಗೆದದ್ದು ಇದೇ ಮೊದಲು.

ನಾನು ಮಗುವಿನ ಹತ್ತಿರ ಮಾತಾಡಲಿಲ್ಲ. ಗುಯಿಲಾನ್ ಹತ್ತಿರ ಆಡಿದೆ. ಅದು ಬೇರೆ.

ದೋಷ: ಇಲ್ಲ.

ಏಪ್ರಿಲ್ 11

ಪಾಪ್ಲರ್ ಮರದ ಹತ್ತಿ ಊರೆಲ್ಲ ಹಾರಾಡುತ್ತಿದೆ, ಮೂಗಿಗೆ ಹೋಗಿ ಸೀನು. ದಿನಾ ಬೆಳಿಗ್ಗೆ ಯಾತಿಂಗ್ ಹೋದ ಮೇಲೆ ಗುಯಿಲಾನ್‌ಗೆ ಹಿಂದಿನ ದಿನದ ವರದಿ ಒಪ್ಪಿಸುತ್ತೇನೆ. ಸ್ವಲ್ಪ ಹೊತ್ತು, ಅಷ್ಟೇ. ಹತ್ತು ಗಂಟೆಯಾಗಿದ್ದು ತಿಳಿಯಲೇ ಇಲ್ಲ. ಹೆತಾವ್ ಎದೆಯ ಮೇಲಿರುತ್ತಾಳೆ, ಬೇರೆ ಎಲ್ಲಿ ಇಡುವುದು? ಕೇಳಿಸಿಕೊಂಡರೆ ನನ್ನ ತಪ್ಪಲ್ಲ.

ಬಿರುಕು ಬಟ್ಟಲು ಎಸೆದಿರಲಿಲ್ಲ. ಇವತ್ತು ಒಂದು ಆಟ ಆಡಿದೆ. ಒಳ್ಳೆ ಬಟ್ಟಲು ತಟ್ಟಿದೆ, ಮತ್ತೆ ತಟ್ಟಿದೆ, ಮತ್ತೆ ತಟ್ಟಿದೆ, ಆಮೇಲೆ ಬಿರುಕಿನದು. ಹೆತಾವ್ ಕಣ್ಣರಳಿಸಿ ಕೇಕೆ ಹಾಕಿದಳು. ಬೆನ್ನ ಹಿಂದೆ ಇಟ್ಟು ತಟ್ಟಿದೆ, ಆಗಲೂ ಬಿರುಕಿಗೆ ಮಾತ್ರ ಕೇಕೆ. ನನ್ನ ಕೈಕೆಳಗೆ ಕಲಿಯಲು ಬಂದವರಿಗೆ ಇಷ್ಟಕ್ಕೆ ಎರಡು ವರ್ಷ ಬೇಕಾಗುತ್ತಿತ್ತು. ಎಂಟು ತಿಂಗಳಿಗೇ ಇವಳನ್ನು ಯಾರ್ಡಿಗೆ ಸೇರಿಸಿಕೊಳ್ಳಬಹುದು ಎಂದು ಗುಯಿಲಾನ್‌ಗೆ ಹೇಳಿದೆ.

ಏಪ್ರಿಲ್ 19, ಶನಿವಾರ

ಇವತ್ತು ದೊಡ್ಡ ದಿನ. ವಿಶ್ವವಿದ್ಯಾಲಯದಲ್ಲಿ ಕೂಸುಗಳ ಕಿವಿ ನೋಡುವ ಕೋಣೆಯೊಂದಿದೆಯಂತೆ. ಯಾತಿಂಗ್ ಹೆಸರು ಬರೆಸಿದ್ದಳು. ಮಗುವಿನ ಬಟ್ಟೆಗೆ ಇಸ್ತ್ರಿ ಹಾಕಿದಳು, ಕಾಲುಚೀಲಕ್ಕೂ ಹಾಕಿದಳು. ಅಲ್ಲಿಯ ತಿಯೆನ್ ಮೇಡಂ ಇನ್ನೂ ಮೂವತ್ತರ ಹುಡುಗಿ. "ಇದು ಪರೀಕ್ಷೆ ಅಲ್ಲ, ಅಂಕ ಗಿಂಕ ಏನಿಲ್ಲ" ಎಂದು ಮೂರು ಸಲ ಹೇಳಿದರು. ಯಾತಿಂಗ್ ಮೂರು ಸಲವೂ ತಲೆಯಾಡಿಸಿ, "ಎಷ್ಟಕ್ಕೆ ಎಷ್ಟು ಬಂದ್ರೆ ಒಳ್ಳೇದು?" ಎಂದು ಕೇಳಿದಳು.

ಗೋಡೆಗೆಲ್ಲ ಸ್ಪಂಜು ಹೊದಿಸಿದ ಸಣ್ಣ ಕೋಣೆ. ಯಾತಿಂಗ್ ಎದೆ ಹೊಡೆದುಕೊಳ್ಳುತ್ತಿದ್ದುದರಿಂದ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ಒಂದು ಪೆಟ್ಟಿಗೆಯಿಂದ ಒಂದೇ ಮಾತು ಒಂದೇ ಧಾಟಿಯಲ್ಲಿ ಬರುತ್ತಿರುತ್ತದೆ. ನಡುವೆ ಅದೇ ಮಾತಿನ ಧಾಟಿ ಮಾತ್ರ ಬದಲಾಗುತ್ತದೆ. ಆಗ ಮಗು ತಿರುಗಿ ನೋಡಿದರೆ ಗಾಜಿನ ಗೂಡಿನಲ್ಲಿ ಒಂದು ಕರಡಿ ಗೊಂಬೆ ಬೆಳಗಿ ಡೋಲು ಬಡಿಯುತ್ತದೆ. ಸುಮ್ಮನೆ ತಿರುಗಿದರೆ ಕರಡಿ ಇಲ್ಲ. ದೊಡ್ಡವರು ಸುಳಿವು ಕೊಡಬಾರದೆಂದು ನನ್ನ ಕಿವಿಗೆ ಹಾಡಿನ ಹೆಡ್‌ಫೋನ್ ಹಾಕಿದರು.

ಅದನ್ನು ಹಾಕುವ ಮೊದಲೇ ಯಾತಿಂಗ್ ಭಯ ಏನೆಂದು ನನಗೆ ಸರಿಯಾಗಿ ತಿಳಿಯಿತು. ಅವಳು ಮೇಡಂ ಹತ್ತಿರ ಹೇಳುತ್ತಿದ್ದಳು: ಸಾರಿಗೂ ತಾಂಗ್, ಸಕ್ಕರೆಗೂ ತಾಂಗ್, ದನಿ ಏರಿಸಿ ಇಳಿಸುವ ಧಾಟಿಯೊಂದೇ ವ್ಯತ್ಯಾಸ. ನಮ್ಮ ಮಾವನ ಊರಲ್ಲಿ ಸಾರನ್ನು ನಮ್ಮ ಸಕ್ಕರೆಯ ಧಾಟಿಯಲ್ಲಿ ಎಳೀತಾರೆ, ಮಗು ಯಾವುದನ್ನ ಹಿಡ್ಕೊಳ್ಳತ್ತೆ? ಮೇಡಂ ಅಂದರು, "ಹುಟ್ಟಿದ ಕೂಸಿನ ಕಿವಿ ಎಲ್ಲಕ್ಕೂ ತೆರೆದಿರತ್ತೆ ಅಕ್ಕ. ವರ್ಷ ತುಂಬೋದ್ರೊಳಗೆ ಮನೇಲಿ ಬಳಸೋದನ್ನ ಇಟ್ಕೊಂಡು, ಬೇಡದ್ದನ್ನ ಬಿಡ್ತಾ ಹೋಗತ್ತೆ. ಜಾಸ್ತಿ ಮಾತು ಬೀಳ್ಲಿ, ಅಷ್ಟೇ. ಮಾತೇ ಬೀಳ್ದಿದ್ರೆ ಕಷ್ಟ."

ಹತ್ತು ಸಲ ಧಾಟಿ ಬದಲಾಯಿತು, ಹತ್ತು ಸಲವೂ ಹೆತಾವ್ ತಿರುಗಿದಳು. ಕರಡಿಗೆ ಡೋಲು ಬಡಿದು ಬಡಿದು ಸುಸ್ತು. ಯಾತಿಂಗ್ ಅಲ್ಲೇ ನಿಂತು ಚೆಂಗ್ಡೆಗೆ ಫೋನ್ ಮಾಡಿದಳು. ಮನೆಗೆ ಬಂದಾಗ ಬೋವೆನ್, "ಇನ್ನೇನು, ಕಾಲೇಜ್ ಸೀಟು ಸಿಕ್ಕಂಗೇ ಬಿಡು" ಎಂದ. ಕೋಳಿ ರೆಕ್ಕೆ ಹುರಿದು ಎಲ್ಲರೂ ಹೊಟ್ಟೆ ತುಂಬ ತಿಂದೆವು.

ಏಪ್ರಿಲ್ 24

ತಿಯೆನ್ ಮೇಡಂ ಫೋನ್. ಅರ್ಜಿಯಲ್ಲಿ ನನ್ನ ನಂಬರ್ ಇತ್ತಂತೆ.

"ತಾತ, ಒಂದು ಮಾತು ಕೇಳ್ತೀನಿ. ನೀವು ಮೊದ್ಲು ಏನ್ ಕೆಲ್ಸ ಮಾಡ್ತಿದ್ರಿ?"

"ರೈಲು ಗಾಲಿ ತಟ್ಟಿ ನೋಡ್ತಿದ್ದೆ."

ಆ ಕಡೆ ಮೇಡಂ ಜೋರಾಗಿ ನಕ್ಕರು. ಆಮೇಲೆ, "ಅದಕ್ಕೇ ಮತ್ತೆ. ನಮ್ಮ ಹೆಡ್‌ಫೋನ್ ನಿಮ್ಮ ಕಿವಿಗೆ ಸಾಲ್ಲಿಲ್ಲ. ವೀಡಿಯೋದಲ್ಲಿ ನೋಡಿದ್ವಿ. ಧಾಟಿ ಬದಲಾದ ತಕ್ಷಣ ನಿಮ್ಮ ಎಡ ಮಂಡಿ ಮೇಲೇಳತ್ತೆ. ಆಮೇಲೆ ಮಗು ತಿರುಗತ್ತೆ. ಹತ್ತಕ್ಕೆ ಹತ್ತೂ ಹಾಗೇ."

ದನಿ ತಪ್ಪಿತೆಂದರೆ ಎಡಗಾಲು ತಡೆದು ನಿಲ್ಲುವುದು. ಮೂವತ್ತನಾಲ್ಕು ವರ್ಷದ ಕಾಲು, ಪಿಂಚಣಿ ಬಂದದ್ದು ಅದಕ್ಕೆ ಗೊತ್ತಿಲ್ಲ. ಪಾಸಾದದ್ದು ನಾನು, ಹೆತಾವ್ ಅಲ್ಲ.

ದೋಷ: ಎಡ ಮಂಡಿ.

ಏಪ್ರಿಲ್ 27

ಮೂರು ದಿನ ಹೇಳಲಿಲ್ಲ. ಯಾತಿಂಗ್ ಆಫೀಸಿನಲ್ಲೆಲ್ಲ ಹತ್ತಕ್ಕೆ ಹತ್ತು ಎಂದು ಹೇಳಿಕೊಂಡು ಬಂದಿದ್ದಾಳೆ. ಬಿರುಕು ಕಂಡೂ ಗುರುತು ಹಾಕದೆ ಗಾಡಿ ಬಿಟ್ಟವನ ಹಾಗಾಗಿತ್ತು ನನಗೆ. ಇವತ್ತು ಮಧ್ಯಾಹ್ನ ಊಟದಲ್ಲಿ ಹೇಳಿಬಿಟ್ಟೆ.

ಬೋವೆನ್ ಬಾಯಲ್ಲಿದ್ದ ಅನ್ನ ಉಗುಳಿಕೊಂಡು ನಕ್ಕ. ಯಾತಿಂಗ್ ನಗಲಿಲ್ಲ. ಊಟದ ಕಡ್ಡಿ ಕೆಳಗಿಟ್ಟಳು. "ಹಾಗಾದ್ರೆ ಮಗುಗೆ ಗೊತ್ತಾಗತ್ತೋ ಇಲ್ವೋ, ಏನೂ ಗೊತ್ತಾಗ್ಲಿಲ್ಲ" ಎಂದಳು. ಮತ್ತೆ ಕೇಳಿದಳು, "ಮಾವ, ನಾನಿಲ್ದಾಗ ಅವಳ ಹತ್ರ ಊರ ಮಾತು ಆಡ್ತೀರಾ?"

"ಅವಳ ಹತ್ರ ಆಡಲ್ಲ" ಎಂದೆ. ಅದು ನಿಜ.

ಮೇ ಹತ್ತಕ್ಕೆ ಮತ್ತೊಮ್ಮೆ ಹೋಗುವುದು, ಈ ಸಲ ಅವಳ ತೊಡೆಯ ಮೇಲೆ, ಅದನ್ನು ನೋಡಿ ಚೆಂಗ್ಡೆಗೆ ಕಳಿಸುವ ವಿಚಾರ. ಅವಳ ತಾಯಿ ಆಗಲೇ ತೊಟ್ಟಿಲು ಒರೆಸಿಟ್ಟಿದ್ದಾರಂತೆ. ಹೆತಾವ್ ಹೋದರೆ ನಾನೂ ಝೆಂಗ್‌ಝೌಗೆ. ಅಲ್ಲಿ ಮನೆಯಲ್ಲಿ ಯಾರಿಗೆ ವರದಿ ಒಪ್ಪಿಸುವುದು ಎಂದು ಯೋಚನೆ ಬಂತು. ಗುಯಿಲಾನ್‌ಗೇ ಒಪ್ಪಿಸಬಹುದು, ನಿಜ. ಆದರೆ ಹೆತಾವ್ ಇಲ್ಲದೆ ಹೇಳಿ ಅಭ್ಯಾಸವಿಲ್ಲ.

ಮೇ 1

ಹುವಾಯ್ ಮರಗಳು ಹೂ ಬಿಟ್ಟಿವೆ. ಬೀಜಿಂಗಿನವರು ಕೆಳಗೆ ನಿಂತು ಫೋಟೋ ತೆಗೆಯುತ್ತಾರೆ, ತಿನ್ನಲು ಗೊತ್ತಿಲ್ಲ. ಬಿದಿರಿಗೆ ಕೊಕ್ಕೆ ಕಟ್ಟಿ ಒಂದು ಬುಟ್ಟಿ ಬಿಳಿ ಗೊಂಚಲು ಇಳಿಸಿದೆ. ಫೆಂಗ್ ಅಕ್ಕ ಬುಟ್ಟಿ ಹಿಡಿದುಕೊಂಡಳು. ತೊಳೆದು, ಹಿಟ್ಟು ಉದುರಿಸಿ, ಹಬೆಯಲ್ಲಿ ಹತ್ತು ನಿಮಿಷ, ಮೇಲೆ ಜಜ್ಜಿದ ಬೆಳ್ಳುಳ್ಳಿ, ವಿನೆಗರ್, ಎಳ್ಳೆಣ್ಣೆ. ಹಿಟ್ಟು ಕಡಿಮೆಯಾದರೆ ಅಂಟುತ್ತದೆ, ಜಾಸ್ತಿಯಾದರೆ ಹೂವಿನ ರುಚಿ ಸತ್ತುಹೋಗುತ್ತದೆ. ಗುಯಿಲಾನ್ ಕೈ ಅಳತೆ ನನಗೆ ಬರಲಿಲ್ಲ, ಆದರೂ ಪರವಾಗಿಲ್ಲ ಅನ್ನುವಂತಿತ್ತು.

ಅಂಗಳದ ಬೆಂಚಿನ ಮೇಲೆ ಕೂತು ತಿಂದೆವು. ನಮ್ಮೂರಿನಿಂದ ಶಿಯಾನ್‌ವರೆಗಿನ ನಿಲ್ದಾಣಗಳನ್ನು ಒಂದೂ ಬಿಡದೆ ಗುಯಿಲಾನ್‌ಗೆ ಹೇಳಿದೆ, ಯಾವ ನಿಲ್ದಾಣದಲ್ಲಿ ಯಾವ ತಿಂಡಿ ಸಿಗುತ್ತದೆಂದೂ ಹೇಳಿದೆ. ಮದುವೆಯಾದ ವರ್ಷ ಲುವೊಯಾಂಗ್ ನಿಲ್ದಾಣದಲ್ಲಿ ನನ್ನ ಟೋಪಿ ಹಾರಿ ಹೋದದ್ದು, ಅವಳು ಅದರ ಹಿಂದೆ ಓಡಿದ್ದು, ಗಾಡಿ ಅವಳನ್ನು ಬಿಟ್ಟು ಹೊರಟದ್ದು, ನಾನು ಗಾಡಿಯನ್ನೇ ನಿಲ್ಲಿಸುವ ಹಾಗೆ ಕಿರುಚಿದ್ದು. ಹೆತಾವ್ ನಡುನಡುವೆ "ದಾ, ದಾ‌ಆ, ಮ್ಮಾ" ಎನ್ನುತ್ತಿದ್ದಳು. ನಾನು ನಿಲ್ಲಿಸಿದರೆ ಅವಳು ಶುರು, ಅವಳು ನಿಲ್ಲಿಸಿದರೆ ನಾನು.

ಫೆಂಗ್ ಅಕ್ಕ ಬೆಳ್ಳುಳ್ಳಿ ಬೆರಳು ನೆಕ್ಕುತ್ತ, "ಮಾರ್ಚಿನಲ್ಲಿ ಮೂಗ ಅಂದ್ಕೊಂಡಿದ್ದೆ ನಿಮ್ಮನ್ನ. ಈಗ ಮುಚ್ಚೋ ಗುಂಡಿ ಎಲ್ಲಿದೆ ಹೇಳಿ" ಎಂದಳು. ಈ ಹೆಂಗಸಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ನಾನು ಮಾತು ಕಡಿಮೆಯವನೆಂದು ಯಾರ್ಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಮೇ 10, ಶನಿವಾರ

ಹೇಗೆ ಬರೆಯಲಿ? ಮೊದಲಿಂದ ಬರೆಯುತ್ತೇನೆ.

ಯಾತಿಂಗ್ ತೊಡೆಯ ಮೇಲೆ ಹೆತಾವ್. ನಾನು ಹೊರಗೆ ಗಾಜಿನ ಆಚೆ, ಎಡ ಮಂಡಿಯನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದೆ. ಹತ್ತಕ್ಕೆ ಎಂಟು. ಒಂದು ಸಲ ಸೀನಿದಳು. ಇನ್ನೊಂದು ಸಲ ತಾಯಿಯ ಅಂಗಿಯ ಗುಂಡಿ ಕಚ್ಚುತ್ತಿದ್ದಳು. ಯಾರ ಮಂಡಿಯೂ ಇಲ್ಲದೆ ಎಂಟು.

ಯಾತಿಂಗ್ ಮುಖ ಅರಳಿತು. ಆಗ ತಿಯೆನ್ ಮೇಡಂ, "ತಾತನ ಮಂಡಿ ನೋಡ್ಬೇಕಾ ಅಕ್ಕ?" ಎಂದು ಹಳೆಯ ವೀಡಿಯೋ ಹಾಕಿದರು. ಯಾತಿಂಗ್ ಇನ್ನೂ ಹೊರಗೆ ಅರ್ಜಿ ತುಂಬುತ್ತಿದ್ದಾಗ, ನಾನೂ ಮಗುವೂ ಕೋಣೆಗೆ ಹೋದ ಕೂಡಲೇ ಕ್ಯಾಮೆರಾ ಶುರುವಾಗಿತ್ತಂತೆ. ಮೊದಲ ಹತ್ತು ನಿಮಿಷ ಕರಡಿಯೂ ಇಲ್ಲ, ಮಂಡಿಯೂ ಇಲ್ಲ. ಒಬ್ಬ ಮುದುಕ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತಿದ್ದಾನೆ. ನಿಲ್ಲಿಸುವುದೇ ಇಲ್ಲ. ಅಪ್ಪಟ ಝೆಂಗ್‌ಝೌ ಮಾತು.

"ನೋಡು ಗುಯಿಲಾನ್, ಗೋಡೆಗೆ ಹಾಸಿಗೆ ಹೊಲಿದವ್ರೆ. ಕರಡಿ ಒಂದು ಕೂತದೆ. ನಮ್ಮ ಸೊಸೆ ಕಾಲುಚೀಲಕ್ಕೂ ಇಸ್ತ್ರಿ ಹಾಕವ್ಳೆ. ಆ ಹುಡುಗಿ ರಾತ್ರಿ ಎರಡು ಸಲ ಎದ್ದು ಹಾಲು ಕೊಟ್ಟು ಬೆಳಿಗ್ಗೆ ಏಳಕ್ಕೆ ಓಡ್ತಾಳೆ ಕಣೆ, ಹೊಟ್ಟೇಲಿ ಏನೂ ಇರಲ್ಲ. ನೀನಿದ್ದಿದ್ರೆ ಒಂದು ಲೋಟ ಬಿಸಿ ಗಂಜಿ ಕೈಲಿ ಹಿಡಿಸ್ತಿದ್ದೆ. ನಂಗೆ ಹೇಳಕ್ಕೆ ಬಾಯಿ ಬರಲ್ಲ. ಗಂಜಿ ಮಾಡಿ ಮೇಜಿನ ಮೇಲಿಡ್ತೀನಿ, ಆರಿ ಹೋಗತ್ತೆ."

ನಾನು ತಡೆದು ಉಸಿರು ತೆಗೆದುಕೊಂಡಾಗ ಹೆತಾವ್ ಏನೋ ಅನ್ನುತ್ತಾಳೆ. ನಾನು "ಹೂಂ, ಹೌದು" ಎಂದು ಮುಂದುವರಿಸುತ್ತೇನೆ. ಅವಳು ನನ್ನ ಬಾಯಿಯಿಂದ ಕಣ್ಣು ತೆಗೆಯುವುದಿಲ್ಲ. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು. ಕೊಟ್ಟ ಮಾತು ಮುರಿದದ್ದು ಪರದೆಯ ಮೇಲೆ ಎಲ್ಲರೂ ನೋಡುವ ಹಾಗೆ ಓಡುತ್ತಿತ್ತು. ಯಾತಿಂಗ್ ಮಗುವಿಗೆ ಕಾಲುಚೀಲ ಹಾಕಿ ಎದ್ದಳು.

ಬಸ್ಸಿನಲ್ಲಿ ಮೂರು ನಿಲ್ದಾಣ ದಾಟಿದ ಮೇಲೆ, "ಮಾವ, ಮಾತಾಡಲ್ಲ ಅಂದಿದ್ರಿ" ಎಂದಳು.

"ಅವಳ ಹತ್ರ ಆಡ್ಲಿಲ್ಲಮ್ಮ. ನಿಮ್ಮತ್ತೆಗೆ ವರದಿ ಒಪ್ಪಿಸ್ತಿದ್ದೆ."

ಅವಳು ಕಿಟಕಿ ಕಡೆ ತಿರುಗಿದಳು. ಇನ್ನೂ ಎರಡು ನಿಲ್ದಾಣ ಹೋಯಿತು. ಕೆನ್ನೆ ಒರೆಸಿಕೊಂಡು ಕೇಳಿದಳು, "ಅತ್ತೆ ಏನಂದ್ರು?"

"ಮಂಡಿ ಅಲ್ಲಾಡಿಸಬೇಡ ಅಂದಳು."

ಅವಳು ನಕ್ಕ ರಭಸಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಹೆತಾವ್ ಕೂಡ ನಕ್ಕಳು, ಯಾಕೆಂದು ತಿಳಿಯದೆ.

ಮೇ 12

ಬೆಳಿಗ್ಗೆ ಯಾತಿಂಗ್ ಗಂಜಿ ಪೂರ್ತಿ ಕುಡಿದು ಹೋದಳು. ಬಟ್ಟಲು ತೊಳೆದೂ ಇಟ್ಟಳು.

ಮೇ 29

ಬರೆಯಲು ಪುರುಸೊತ್ತಿಲ್ಲ. ಊಟದ ಮೇಜಿನ ಮೇಲೆ ಸಾರಿನ ಪಾತ್ರೆ, ಸಕ್ಕರೆ ಡಬ್ಬಿ ಎರಡೂ ಇದ್ದವು. ಯಾತಿಂಗ್ ಅವಳ ಧಾಟಿಯಲ್ಲಿ ಸಕ್ಕರೆ ಎಲ್ಲಿ ಅಂದಳು, ಹೆತಾವ್ ಡಬ್ಬಿ ನೋಡಿದಳು. ನಾನು ನನ್ನ ಧಾಟಿಯಲ್ಲಿ ಸಾರು ಎಲ್ಲಿ ಅಂದೆ, ಕಿವಿಗೆ ಅದೇ ತಾಂಗ್, ಆದರೂ ಪಾತ್ರೆ ನೋಡಿದಳು. ಯಾರು ಹೇಳುತ್ತಿದ್ದಾರೆಂದು ಮೊದಲು ನೋಡಿ, ಆಮೇಲೆ ಯಾವುದೆಂದು ನೋಡುತ್ತಾಳೆ. ಆರು ಸಲ ಮಾಡಿಸಿದೆವು. ಏಳನೆಯ ಸಲಕ್ಕೆ ಇಬ್ಬರನ್ನೂ ಬಿಟ್ಟು ಬೋವೆನ್‌ನ ಮೂಗು ಹಿಡಿದಳು. ಡಬ್ಬಿಯ ಗುರುತು ಸಿಗುವಷ್ಟು ಇವಳಿಗೆ ಸಕ್ಕರೆ ಕೊಟ್ಟದ್ದು ಯಾರು ಎಂದು ಯಾತಿಂಗ್ ಕೇಳಿದಳು, ನಾನು ಛಾವಣಿ ನೋಡಿದೆ.

ಜೂನ್ 8, ಭಾನುವಾರ

ಸೆಕೆ. ನಾಳೆಗೆ ಮೂರು ತಿಂಗಳು. ಅದರ ಸುದ್ದಿಯನ್ನು ಯಾರೂ ಎತ್ತಿಲ್ಲ, ಕೇಳಲು ನನಗೆ ಬಾಯಿ ಬರುತ್ತಿಲ್ಲ. ಬೆಳಿಗ್ಗೆ ಯಾತಿಂಗ್ ತಾಯಿಯ ಜೊತೆ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದಳು. ಆಮೇಲೆ ಬೋವೆನ್‌ಗೆ, "ರೈಲು ಟಿಕೆಟ್ ಮಾಡ್ಸಿದ್ಯಾ?" ಎಂದದ್ದು ಅಡುಗೆಮನೆಗೆ ಕೇಳಿಸಿತು. ನನ್ನ ಕಿವಿ ಹಾಳಾಗಬಾರದಾಗಿತ್ತೇ.

ಚೀಲ ತುಂಬಿದೆ. ಬರುವಾಗ ತಂದದ್ದೇ ಸ್ವಲ್ಪ. ತೊಟ್ಟು ಬಂದ ಹತ್ತಿ ತುಂಬಿದ ಕೋಟು, ಎರಡು ಅಂಗಿ, ಗುಯಿಲಾನ್ ಫೋಟೋ. ಬಿರುಕು ಬಟ್ಟಲನ್ನು ಹೆತಾವ್ ಆಟದ ಬುಟ್ಟಿಯಲ್ಲೇ ಬಿಟ್ಟೆ. ಚೆಂಗ್ಡೆ ಅಜ್ಜಿಗೆ ಅದನ್ನು ತಟ್ಟುವುದು ಹೇಗೆಂದು ಒಂದು ಚೀಟಿ ಬರೆದಿಟ್ಟೆ.

ಅಳು ಬಂತು. ಬರೆದಿಡುತ್ತೇನೆ, ದೋಷ ಮುಚ್ಚಿಟ್ಟು ಅಭ್ಯಾಸವಿಲ್ಲ.

ಜೂನ್ 9

ಆಫೀಸಿನಿಂದ ಬಂದ ಯಾತಿಂಗ್ ಬಾಗಿಲ ಬಳಿ ನನ್ನ ಚೀಲ ನೋಡಿದಳು. ಚೀಟಿಯನ್ನೂ ಓದಿದಳು.

"ಇದೇನ್ ಮಾವ?"

"ಇವತ್ತು ಒಂಬತ್ತಲ್ವೇನಮ್ಮ."

"ಟಿಕೆಟ್ ಶನಿವಾರಕ್ಕೆ. ನಾಲ್ಕೂ ಜನಕ್ಕೆ, ಝೆಂಗ್‌ಝೌಗೆ. ಚಿಂಗ್‌ಮಿಂಗ್‌ಗೆ ನಿಮ್ಮನ್ನ ಕಳಿಸ್ಲಿಲ್ಲ ಅಂತ ನಂಗೆ ಆವತ್ತಿಂದ ಚುಚ್ತಾ ಇದೆ. ಅತ್ತೆಗೆ ಮಗು ತೋರಿಸ್ಬೇಕು." ಚೀಲದಿಂದ ನನ್ನ ಹತ್ತಿ ಕೋಟು ಎಳೆದು ಮೇಲೆ ಹಿಡಿದಳು. "ಮೂವತ್ತೈದು ಡಿಗ್ರಿ ಬಿಸಿಲಲ್ಲಿ ಇದನ್ನ ಹಾಕ್ಕೊಂಡು ಓಡಾಡ್ತೀರ. ಹಾಗೇ ಮನೆಯಿಂದ ನಿಮ್ಮ ಬೇಸಿಗೆ ಬಟ್ಟೆ ಎಲ್ಲಾ ತರೋಣ. ಚಳಿಗಾಲದ್ದೂ ತನ್ನಿ, ಮತ್ತೆ ಮತ್ತೆ ಯಾರು ಹೋಗೋದು."

"ನಿಮ್ಮಮ್ಮ?"

"ಅಮ್ಮಂಗೆ ಹೇಳ್ದೆ, ಈ ಮನೇಲಿ ಮಾತಿಗೇನೂ ಬರ ಇಲ್ಲ ಅಂತ. ರಜೆಗೆ ಬಂದು ಅವ್ರ ಧಾಟಿನೂ ಒಂದಿಷ್ಟು ಹಾಕ್ಲಿ."

ಗಂಜಿ ಬಿಸಿ ಮಾಡಲು ಹೋದೆ.

ಜೂನ್ 14, ಶನಿವಾರ. ಝೆಂಗ್‌ಝೌ

ಗೋಧಿ ಕೊಯ್ಲು ಮುಗಿದಿದೆ. ದಾರಿಯುದ್ದಕ್ಕೂ ಹೊಲಗಳು ಬೋಳು, ಬಿಸಿ ಗಾಳಿ. ಸಮಾಧಿಯ ಸುತ್ತ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಬೋವೆನ್ ಕಿತ್ತ. ಯಾತಿಂಗ್ ಸೇಬು ಇಟ್ಟಳು, ಥರ್ಮಾಸಿನಿಂದ ಬಟ್ಟಲಿಗೆ ನೂಡಲ್ಸ್ ಸುರಿದಳು, ಸಾರು ಜಾಸ್ತಿ. ಅವಳಿಗೆ ಅದು ಹೇಗೆ ಗೊತ್ತು ಎಂದು ಕೇಳಲಿಲ್ಲ. ನಾನು ಎಲ್ಲರೆದುರೂ ಏನೇನು ಹೇಳುತ್ತಿರುತ್ತೇನೋ ನನಗೇ ನೆನಪಿರುವುದಿಲ್ಲ.

ಎಲ್ಲರೂ ನನ್ನತ್ತ ನೋಡಿದರು, ನಾನು ಮಾತಾಡಬೇಕೆಂದು. ಬಾಯಿ ತೆರೆದೆ. ಹೇಳಲು ಏನೂ ಉಳಿದಿರಲಿಲ್ಲ. ಎರಡು ತಿಂಗಳಿಂದ ದಿನಾ ಹೇಳಿ ಮುಗಿಸಿದ್ದೆ.

ನನ್ನ ಕಂಕುಳಲ್ಲಿದ್ದ ಹೆತಾವ್ ಕಲ್ಲಿನ ಕಡೆಗೆ ಬಾಗಿದಳು. ಅಂಗೈಯಿಂದ ಎರಡು ಸಲ ತಟ್ಟಿದಳು, ಕಿವಿಗೊಟ್ಟಳು, ಆಮೇಲೆ ಶುರು ಮಾಡಿದಳು. ಉದ್ದಕ್ಕೆ, ಏರಿಸಿ ಇಳಿಸಿ, ನಡುವೆ ಉಸಿರು ತೆಗೆದುಕೊಂಡು, ತಲೆಯಾಡಿಸಿ. ಒಂದು ಶಬ್ದಕ್ಕೂ ಇನ್ನೂ ಅರ್ಥವಿಲ್ಲ, ಆದರೆ ವರದಿ ಪೂರ್ತಿ ಇತ್ತು.

ಯಾತಿಂಗ್ ನನ್ನ ತೋಳು ಮುಟ್ಟಿ ಮೆಲ್ಲಗೆ ಕೇಳಿದಳು, "ಮಾವ, ಇದು ನಿಮ್ಮ ಧಾಟಿನಾ, ನಂದಾ?"

ಕಣ್ಣು ಮುಚ್ಚಿ, ಯಾರ್ಡಿನಲ್ಲಿ ಕೇಳುತ್ತಿದ್ದ ಹಾಗೆ ಕೇಳಿದೆ. ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗ ಎಷ್ಟು ಕೇಳಿದರೂ ಸಿಗಲಿಲ್ಲ.

ದೋಷ: ಇಲ್ಲ.